ಉಪ್ಪು ತಿಂದವನಿಗೆ ನೀರು

‘ಉಪ್ಪು ತಿಂದವನು ನೀರು ಕುಡಿಯಲೇಬೇಕು’ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ತಪ್ಪು ಮಾಡಿದವನು ಅದರ ಫಲವನ್ನು ಉಣ್ಣಲೇಬೇಕು ಎಂಬುದು ಅದರ ತಾತ್ಪರ್ಯ. ಊರಿನಲ್ಲಿ ನಮ್ಮ ಹಿರಿಯರು ಹೇಳುತ್ತಿದ್ದರು. ಈ ದೂರದ ದೆಹಲಿಗೆ ಬಂದ ಮೇಲೆ ನಾವು ನಮ್ಮ ಮಕ್ಕಳಿಗೆ ಹೇಳುತ್ತೇವೆ. ಆದರೆ ಹೊರಗಿನಿಂದ ಚಿಲಕ ಹಾಕಿದ ಒಂದು ಕೋಣೆಯ ಮುಂದೆ ನಿಂತು, ಒಳಗಿನಿಂದ ಮಗನ ನರಳಾಟ ಕೇಳಿಬರುತ್ತಿರುವಾಗ, ಒಬ್ಬ ತಂದೆ ಇದೇ ಗಾದೆಯನ್ನು ಹೇಳಿದ್ದನ್ನು ಕೇಳಿದಂದಿನಿಂದ ನಮಗೆ ಅದರ ಅರ್ಥದ ಬಗೆಗೇ ಸಂದೇಹ ಹುಟ್ಟಿದೆ. ಆ ಸಂದೇಹವನ್ನು ಓದುಗ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಇದು 2022ರ ಚಳಿಗಾಲದ ಮಾತು. ನಮ್ಮ ಸರ್ಕಾರಿ ಕ್ವಾರ್ಟರ್ಸಿನಲ್ಲಿಯೇ ಇರುವ, ಧಾರವಾಡದ ಕಡೆಯ ಒಂದು ಕುಟುಂಬ. ತಂದೆ ನಮ್ಮಂತೆಯೇ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು. ಮಗನಿಗೆ ಇಪ್ಪತ್ತೆರಡು ವರ್ಷ. ಕಾಲೇಜು ಅರ್ಧಕ್ಕೆ ನಿಂತಿತ್ತು. ತಾಯಿಯ ಉಂಗುರ ಕಾಣೆಯಾದ ಮೇಲೆ ವಿಷಯ ಹೊರಬಿತ್ತು. ಹುಡುಗ ಎರಡು ವರ್ಷದಿಂದ ‘ಸ್ಮ್ಯಾಕ್’ ಎಂದು ಇಲ್ಲಿಯವರು ಕರೆಯುವ ಕಚ್ಚಾ ಹೆರಾಯಿನ್ ಸೇದುತ್ತಿದ್ದ. ಊರಿನವರಿಗೆ “ಕಾಮಾಲೆಯಾಗಿದೆ” ಎಂದು ತಿಳಿಸಿದರು. ಮಗನನ್ನು ಕೋಣೆಯಲ್ಲಿ ಕೂಡಿಹಾಕಿದರು. “ಒಂದು ವಾರ ಒದ್ದಾಡಲಿ, ಬುದ್ಧಿ ಬರುತ್ತದೆ” ಎಂಬುದು ತಂದೆಯ ಲೆಕ್ಕ. ಮೂರನೆಯ ದಿನ ಬೆಳಗಿನ ಜಾವ ಹುಡುಗ ಹಿಂದಿನ ಬಾಲ್ಕನಿಯಿಂದ ಇಳಿದು ಹೋದವನು, ಮಧ್ಯಾಹ್ನ ಶಾಂತನಾಗಿ ಮರಳಿ ಬಂದ. ಆ ಶಾಂತಿಯ ಕಾರಣ ಎಲ್ಲರಿಗೂ ಗೊತ್ತಿತ್ತು. ಆಗ ಅವರು ನಮ್ಮನ್ನು ಕರೆದರು. ನಾವು ಒಂದು ಕಾಲದಲ್ಲಿ ಬಿ.ಎಸ್‌ಸಿ. ಓದಿದವರು ಎಂಬುದಷ್ಟೇ ಅದಕ್ಕೆ ಕಾರಣ.

ಕೋಣೆಯೊಳಗೆ ನಡೆದದ್ದೇನು ಎಂಬುದನ್ನು ಮೊದಲು ತಿಳಿಯಬೇಕು. ಅಫೀಮು, ಅದರಿಂದ ತೆಗೆದ ಮಾರ್ಫಿನ್, ಮಾರ್ಫಿನ್‌ನಿಂದ ಮಾಡಿದ ಹೆರಾಯಿನ್, ಇವೆಲ್ಲ ಒಂದೇ ಮನೆತನದವು. ನಮ್ಮ ಮಿದುಳಿನ ಜೀವಕೋಶಗಳ ಮೇಲೆ ಇವು ಬಂದು ಕೂರುವ ಸ್ಥಾನಗಳಿವೆ. ಅಂಥ ಸ್ಥಾನಗಳಿರುವುದನ್ನು 1973ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ತೋರಿಸಿಕೊಟ್ಟರು. ಎರಡು ವರ್ಷಗಳ ನಂತರ, 1975ರಲ್ಲಿ, ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕೋಸ್ಟರ್ಲಿಟ್ಜ್ ಅವರು, ನಮ್ಮ ದೇಹವೇ ತಯಾರಿಸಿಕೊಳ್ಳುವ ಅಫೀಮಿನಂಥ ವಸ್ತುಗಳನ್ನು ಕಂಡುಹಿಡಿದರು. ಎಂದರೆ ಆ ಸ್ಥಾನಗಳು ಪಾಪಿಗಳಿಗೆಂದು ಬೇರೆಯಾಗಿ ಇಟ್ಟವಲ್ಲ. ನಿಮ್ಮಲ್ಲಿಯೂ ಇವೆ, ನಮ್ಮಲ್ಲಿಯೂ ಇವೆ.

ಹೊರಗಿನ ಅಫೀಮು ದಿನವೂ ಬಂದು ದೇಹವನ್ನು ಒಂದು ಕಡೆಗೆ ಒತ್ತಿದರೆ, ದೇಹ ತನ್ನ ಸಮತೋಲಕ್ಕಾಗಿ ಎದುರು ಕಡೆಗೆ ಒತ್ತುತ್ತದೆ. ಒತ್ತುವ ಕೈ ಥಟ್ಟನೆ ತೆಗೆದರೆ ಸ್ಪ್ರಿಂಗು ಚಿಮ್ಮುವಂತೆ ಎದುರೊತ್ತಡ ಒಂದೇ ಉಳಿಯುತ್ತದೆ. ಆದ್ದರಿಂದಲೇ ಬಿಟ್ಟಾಗಿನ ಯಾತನೆ ಅಫೀಮಿನ ಗುಣಗಳ ತಿರುವುಮುರುವು. ಅಫೀಮು ಕಣ್ಣಿನ ಪಾಪೆಯನ್ನು ಸೂಜಿಮೊನೆಯಷ್ಟಾಗಿಸುತ್ತದೆ. ಬಿಟ್ಟಾಗ ಪಾಪೆ ಅಗಲವಾಗುತ್ತದೆ. ಅದು ಮಲಬದ್ಧತೆ ತರುತ್ತದೆ, ಬಿಟ್ಟಾಗ ಭೇದಿ. ಅದು ನೋವು ಅಡಗಿಸುತ್ತದೆ. ಬಿಟ್ಟಾಗ ಮೂಳೆಮೂಳೆಯೂ ನೋಯುತ್ತದೆ. ಅದು ನಿದ್ದೆ ತರುತ್ತದೆ. ಬಿಟ್ಟಾಗ ರಾತ್ರಿಗಳೇ ಮುಗಿಯವು. ಮೇಲೆ ಆಕಳಿಕೆ, ಸುರಿಯುವ ಕಣ್ಣು ಮೂಗು, ಬೆವರು, ಮೈ ಜುಮ್ಮೆಂದು ಏಳುವ ನವಿರು, ನಿಲ್ಲದ ಕಾಲುಗಳ ಚಡಪಡಿಕೆ. ಹೆರಾಯಿನ್ ಆದರೆ ಆರರಿಂದ ಹನ್ನೆರಡು ಗಂಟೆಯೊಳಗೆ ಇದು ಆರಂಭವಾಗಿ, ಎರಡನೆಯ ಮೂರನೆಯ ದಿನ ಶಿಖರಕ್ಕೇರಿ, ವಾರದ ಹೊತ್ತಿಗೆ ಇಳಿಯುತ್ತದೆ. ಆ ಹುಡುಗನ ಮೈ ಮೇಲೆ ಎದ್ದ ನವಿರನ್ನು ಕಂಡು ತಾಯಿ ದೆಹಲಿಯ ಚಳಿಯೆಂದು ಎರಡು ರಜಾಯಿ ಹೊದಿಸಿದ್ದರು. ಅದು ಚಳಿಯಲ್ಲ, ಬುದ್ಧಿ ಬರುತ್ತಿರುವ ಲಕ್ಷಣವೂ ಅಲ್ಲ. ಅದು ಸ್ಪ್ರಿಂಗು, ಅಷ್ಟೇ.

ಇನ್ನು ಔಷಧಿಯ ವಿಚಾರ. 1960ರ ದಶಕದ ಮಧ್ಯದಲ್ಲಿ ನ್ಯೂಯಾರ್ಕಿನ ರಾಕಫೆಲರ್ ಸಂಸ್ಥೆಯಲ್ಲಿ ವಿನ್ಸೆಂಟ್ ಡೋಲ್ ಮತ್ತು ಮೇರಿ ನಿಸ್ವಾಂಡರ್ ಎಂಬ ವೈದ್ಯರು, ಹೆರಾಯಿನ್ ವ್ಯಸನಿಗಳಿಗೆ ದಿನವೂ ಮೆಥಡೋನ್ ಎಂಬ ಔಷಧಿಯನ್ನು ಬಾಯಿಂದ ಕೊಟ್ಟು, ಅವರು ಕೆಲಸಕ್ಕೆ, ಮನೆಗೆ ಮರಳುವುದನ್ನು ಕಂಡರು. ಇದು ನಡತೆಯ ಕೊರತೆಯಲ್ಲ, ದೇಹವ್ಯಾಪಾರದ ಕಾಯಿಲೆ ಎಂದು ಅವರು ವಾದಿಸಿದರು. ನಮ್ಮ ದೇಶದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ನಾಲಗೆಯ ಕೆಳಗೆ ಇಟ್ಟು ಕರಗಿಸುವ ಬ್ಯುಪ್ರೆನಾರ್ಫಿನ್ ಮಾತ್ರೆ. ಇದರ ಸ್ವಭಾವವನ್ನು ನಮ್ಮಂಥ ಗುಮಾಸ್ತರು ಬೇಗ ಅರ್ಥಮಾಡಿಕೊಳ್ಳಬಲ್ಲೆವು.

ಕಚೇರಿಯಲ್ಲಿ ಪ್ರಭಾರದ ಮೇಲೆ ಬರುವ ಕೆಲವು ಅಧಿಕಾರಿಗಳಿರುತ್ತಾರೆ. ಪೂರ್ಣ ಅಧಿಕಾರವಿಲ್ಲ, ಅರ್ಧ ಕಡತಗಳಿಗೆ ಮಾತ್ರ ಸಹಿ ಹಾಕುತ್ತಾರೆ; ಆದರೆ ಕುರ್ಚಿಯನ್ನು ಮಾತ್ರ ಬಿಡುವುದಿಲ್ಲ, ಬೇರೆಯವರನ್ನು ಅದರ ಹತ್ತಿರಕ್ಕೂ ಬಿಡುವುದಿಲ್ಲ. ಬ್ಯುಪ್ರೆನಾರ್ಫಿನ್ ಅಂಥದು. ಮಿದುಳಿನ ಆ ಸ್ಥಾನದಲ್ಲಿ ಹೆರಾಯಿನ್‌ಗಿಂತ ಬಿಗಿಯಾಗಿ ಕೂರುತ್ತದೆ, ಕೆಲಸ ಮಾತ್ರ ಒಂದು ಮಿತಿಯವರೆಗೆ. ಕುರ್ಚಿ ಖಾಲಿ ಬಿದ್ದು ಕಡತಗಳು ರಾಶಿಯಾಗಿರುವ ಹೊತ್ತಿನಲ್ಲಿ ಇಂಥವರು ಬಂದರೆ ಕಚೇರಿಗೆ ದೊಡ್ಡ ನೆಮ್ಮದಿ. ಆದರೆ ಪೂರ್ಣ ಅಧಿಕಾರದ ಸಾಹೇಬರು ಕುಳಿತಿರುವಾಗಲೇ ಬಂದು ಅವರನ್ನು ತಳ್ಳಿ ಕೂತರೆ? ಪೂರ್ತಿ ನಡೆಯುತ್ತಿದ್ದ ಕೆಲಸ ಒಂದೇ ಏಟಿಗೆ ಅರ್ಧಕ್ಕೆ ಇಳಿಯುತ್ತದೆ. ಹಾಗೆಯೇ ಹೆರಾಯಿನ್ ಇನ್ನೂ ಮೈಯಲ್ಲಿರುವಾಗ ಈ ಮಾತ್ರೆ ಕೊಟ್ಟರೆ, ಮೂರು ದಿನದಲ್ಲಿ ಏರಬೇಕಾದ ಯಾತನೆ ಒಂದು ಗಂಟೆಯೊಳಗೆ ಏರಿಬಿಡುತ್ತದೆ. ಆದ್ದರಿಂದ ವೈದ್ಯರು, ಕೊನೆಯ ಸಲ ಸೇದಿದ ಮೇಲೆ ಸಾಮಾನ್ಯವಾಗಿ ಹನ್ನೆರಡು ಗಂಟೆಯಾದರೂ ಕಳೆದು, ಯಾತನೆ ತಾನಾಗಿಯೇ ಆರಂಭವಾದ ಮೇಲೆ ಮೊದಲ ಮಾತ್ರೆ ಕೊಡುತ್ತಾರೆ. ನಾಡಿ, ಬೆವರು, ಪಾಪೆ, ಆಕಳಿಕೆ ಇವನ್ನೆಲ್ಲ ನೋಡಿ ಅಂಕಗಳನ್ನು ಹಾಕುವ ಒಂದು ಪಟ್ಟಿಯೇ ಅವರಲ್ಲಿದೆ.

ಇಷ್ಟನ್ನು ಇಂದು ನಿರರ್ಗಳವಾಗಿ ಬರೆಯುವ ನಾವು, ಅಂದು ಮಾಡಿದ್ದೇನು ಎಂಬುದನ್ನೂ ಬರೆಯಬೇಕು.

ಆಸ್ಪತ್ರೆಯವರು ಹಿಂದಿನ ದಿನವೇ ಎಲ್ಲ ತಿಳಿಸಿದ್ದರು. “ನರಳುತ್ತ ಬರಬೇಕು” ಎಂಬ ಮಾತನ್ನು ತಂದೆ ತಮ್ಮ ಗಾದೆಗೆ ಸಿಕ್ಕ ಸಾಕ್ಷಿಯೆಂದೇ ಹಿಡಿದರು. “ನೋಡಿ, ಡಾಕ್ಟರೇ ನರಳಲಿ ಅಂತಾರೆ” ಎಂದರು. ಬೆಳಿಗ್ಗೆ ನಾವು ಮೂವರೂ ಮೆಟ್ರೋದಲ್ಲಿ ಹೊರಟೆವು. ತಂದೆ ಸ್ವಲ್ಪ ದೂರದಲ್ಲಿ ಕುಳಿತಿದ್ದರು. ಹುಡುಗ ನಮ್ಮ ಕಿವಿಯ ಹತ್ತಿರ ಬಂದು, “ಅಂಕಲ್, ಬೂಟಿನಲ್ಲಿ ಸ್ವಲ್ಪ ಉಳಿದಿತ್ತು. ನಸುಕಿನಲ್ಲಿ ತಡೆಯಲಾಗಲಿಲ್ಲ. ಅಪ್ಪನಿಗೆ ಹೇಳಬೇಡಿ” ಎಂದ. ನಾವು ಅರ್ಧ ದಿನದ ರಜೆ ಹಾಕಿ ಬಂದಿದ್ದೆವು. ಹೇಳಿದರೆ ವೈದ್ಯರು ಹಿಂದಕ್ಕೆ ಕಳಿಸಿಯಾರು, ಮತ್ತೆ ಇನ್ನೊಂದು ದಿನ ರಜೆ, ದಾರಿಯುದ್ದಕ್ಕೂ ತಂದೆಯ ಕೂಗಾಟ. “ನಿನ್ನೆಯಿಂದ ಏನೂ ಇಲ್ಲ ಅಂತ ಹೇಳು” ಎಂದುಬಿಟ್ಟೆವು. ಅದೇನು ಮಹಾ ಸುಳ್ಳೆಂದು ಆಗ ತೋರಲಿಲ್ಲ.

ವೈದ್ಯರು ಕೇಳಿದರು. ಹುಡುಗ ನಮ್ಮ ಮುಖ ನೋಡಿದ. ನಾವು ಗೋಡೆಯ ಗಡಿಯಾರ ನೋಡಿದೆವು. “ನಿನ್ನೆ ಮಧ್ಯಾಹ್ನ” ಎಂದ. ಆಗಲೇ ಆಕಳಿಕೆ, ಚಡಪಡಿಕೆ ಅಷ್ಟಿಷ್ಟು ಕಾಣಿಸಿಕೊಂಡಿತ್ತು. ಉಳಿದದ್ದನ್ನು ನಮ್ಮ ಮಾತು ತುಂಬಿತು. ಎರಡು ಮಿಲಿಗ್ರಾಂ ಮಾತ್ರೆ ನಾಲಗೆಯ ಕೆಳಗೆ ಹೋಯಿತು. ಮುಕ್ಕಾಲು ಗಂಟೆಯಲ್ಲಿ ಹುಡುಗ ಬೆಂಚಿನಿಂದ ಕೆಳಗೆ ಬಿದ್ದು ವಾಂತಿ ಮಾಡಿಕೊಂಡ. ಕಾಲುಗಳನ್ನು ಝಾಡಿಸುತ್ತ, ಹಲ್ಲು ಕಟಕಟಿಸುತ್ತ, ಕೋಣೆಯಲ್ಲಿ ಮೂರು ದಿನ ಕೇಳಿದ್ದಕ್ಕಿಂತ ಭಯಂಕರವಾಗಿ ಕೂಗಿದ. “ಮಗನಿಗೆ ವಿಷ ಕೊಟ್ಟರು” ಎಂದು ತಂದೆ ಅಳತೊಡಗಿದರು. ಆಗ ನಾವು ವೈದ್ಯರನ್ನು ಪಕ್ಕಕ್ಕೆ ಕರೆದು ನಿಜ ಹೇಳಿದೆವು. ಅವರು ಗಂಟೆಯನ್ನು ಕಾಗದದ ಮೇಲೆ ತಿದ್ದಿಕೊಂಡರು. ವಾಂತಿಗೆ, ಮೈನಡುಕಕ್ಕೆ ಔಷಧಿ ಕೊಟ್ಟು ಮಲಗಿಸಿದರು. ನೋಡುತ್ತ ನೋಡುತ್ತ ಅದೇ ಮಾತ್ರೆಯನ್ನು ಮತ್ತಷ್ಟು ಕೊಟ್ಟರು. ರಾತ್ರಿಯ ಹೊತ್ತಿಗೆ ಹುಡುಗ ನಿದ್ದೆಹೋದ. ಹೊರಡುವಾಗ ಆ ವೈದ್ಯರು ಹೇಳಿದ್ದು ಇಷ್ಟೇ: “ಬೆಳಿಗ್ಗೆಯೇ ನಿಜ ಹೇಳಿದ್ದರೆ ನಾನು ಬೈಯುತ್ತಿರಲಿಲ್ಲ. ಸಂಜೆಯವರೆಗೆ ಕಾಯಿಸುತ್ತಿದ್ದೆ, ಅಷ್ಟೇ.”

ಆ ಮಧ್ಯಾಹ್ನದ ನರಳಾಟದಲ್ಲಿ ಯಾವ ಪಾಪದ ಫಲವಿತ್ತು? ಹುಡುಗನ ಚಟದ ಫಲವೆನ್ನಲಾಗದು. ಚಟವಿದ್ದೂ ಆ ಯಾತನೆಯನ್ನು ತಪ್ಪಿಸಬಹುದಿತ್ತು. ಅದು ಸುಳ್ಳಿನ ಫಲ. ಸುಳ್ಳು ಬಂದದ್ದು ಭಯದಿಂದ. ಭಯ ಬಂದದ್ದು, ನರಳಿಕೆಯೇ ಮದ್ದೆಂದು ನಂಬಿ ಚಿಲಕ ಹಾಕಿದ ಮನೆಯಿಂದ. ಅದಕ್ಕೆ ನಮ್ಮ ಅರ್ಧ ದಿನದ ರಜೆಯ ಲೋಭವೂ ಕೂಡಿಕೊಂಡಿತು. ತಪ್ಪು ಮೂವರದು, ಅನುಭವಿಸಿದವನು ಒಬ್ಬ. ಕರ್ಮಫಲದ ಲೆಕ್ಕ ಇಷ್ಟು ಸುಲಭವಾಗಿ ತಪ್ಪುವುದಾದರೆ, ಆ ಲೆಕ್ಕವನ್ನು ಬರೆಯುವ ಅಧಿಕಾರವನ್ನು ನಾವು ಕೈಗೆ ತೆಗೆದುಕೊಳ್ಳಬಾರದು ಎಂದೇ ತೋರುತ್ತದೆ.

ನೋವಿಗೆ ಬೆಲೆಯೇ ಇಲ್ಲವೆಂದು ನಾವು ಹೇಳುವುದಿಲ್ಲ. ನಮ್ಮ ಸಂಸ್ಕೃತಿಯಲ್ಲಿ ಉಪವಾಸವಿದೆ, ವ್ರತವಿದೆ, ಬರಿಗಾಲಿನ ಯಾತ್ರೆಯಿದೆ. ಆದರೆ ಅವೆಲ್ಲ ಮಾಡುವವನು ತಾನಾಗಿ ಆರಿಸಿಕೊಂಡವು. ಗೀತೆಯ 17ನೆಯ ಅಧ್ಯಾಯ ತಪಸ್ಸನ್ನು ಮೂರು ಬಗೆಯಾಗಿ ವಿಂಗಡಿಸಿ, ಮೂಢ ಹಟದಿಂದ ತನ್ನನ್ನು ಪೀಡಿಸಿಕೊಳ್ಳುವುದನ್ನೂ, ಇನ್ನೊಬ್ಬರಿಗೆ ಕೇಡು ಮಾಡಲೆಂದು ಕೈಗೊಳ್ಳುವುದನ್ನೂ ತಾಮಸವೆಂದು ಕೆಳಗಿನ ಸ್ಥಾನದಲ್ಲಿಟ್ಟಿದೆ. ತನ್ನ ದೇಹದ ವಿಷಯದಲ್ಲಿಯೇ ಹೀಗಿರುವಾಗ, ಇನ್ನೊಬ್ಬನ ದೇಹದ ಮೇಲೆ ನಾವು ಹೇರುವ ನೋವಿಗೆ ತಪಸ್ಸಿನ ಹೆಸರು ಸಲ್ಲುವುದೆಂತು?

ಮೊದಲ ಮಾತ್ರೆಗಿಂತ ಮುಂಚಿನ ಆ ಹನ್ನೆರಡು ಗಂಟೆಗಳ ಕಾಯುವಿಕೆಯಲ್ಲಿ ನೋವಿದೆ ನಿಜ. ಆದರೆ ಅದು ಆಪರೇಷನ್ನಿಗೆ ಮುಂಚೆ ಹೊಟ್ಟೆ ಖಾಲಿ ಇರಿಸುವಂಥದು. ಹಸಿದವನಿಗೆ ಪುಣ್ಯ ಬರಲೆಂದು ಯಾವ ವೈದ್ಯನೂ ಊಟ ತಪ್ಪಿಸುವುದಿಲ್ಲ. ಮಂಪರಿನಲ್ಲಿ ವಾಂತಿ ಉಸಿರಿಗೆ ಸಿಕ್ಕಬಾರದೆಂದು ತಪ್ಪಿಸುತ್ತಾನೆ. ಅಗತ್ಯವಿರುವಷ್ಟು ನೋವು, ಅದಕ್ಕಿಂತ ಒಂದು ಗಳಿಗೆಯೂ ಹೆಚ್ಚಿಲ್ಲ: ಇದೇ ಚಿಕಿತ್ಸೆಗೂ ಶಿಕ್ಷೆಗೂ ಇರುವ ವ್ಯತ್ಯಾಸ. ಈ ಕಾಯುವಿಕೆಯನ್ನೂ ಕಡಿಮೆ ಮಾಡಲು ವೈದ್ಯರು ಯತ್ನಿಸುತ್ತಲೇ ಇದ್ದಾರೆ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ವೈದ್ಯರು, ಬ್ಯುಪ್ರೆನಾರ್ಫಿನ್ನನ್ನು ಅತಿ ಸಣ್ಣ ಪ್ರಮಾಣದಿಂದ ದಿನದಿಂದ ದಿನಕ್ಕೆ ಏರಿಸುತ್ತ, ಯಾತನೆಗೆ ಕಾಯದೆಯೇ ಚಿಕಿತ್ಸೆ ಆರಂಭಿಸುವ ಕ್ರಮವೊಂದನ್ನು 2016ರಲ್ಲಿ ಪ್ರಕಟಿಸಿದರು. ನರಳಿಕೆಯೇ ಮದ್ದಾಗಿದ್ದರೆ, ನರಳಿಸದೆ ಆರಂಭಿಸಿದ ಚಿಕಿತ್ಸೆಗೆ ಫಲವೇ ಇರಬಾರದಿತ್ತು.

ತಂದೆಯ ಎರಡನೆಯ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. “ಒಂದು ಚಟ ಬಿಡಿಸಿ ಇನ್ನೊಂದನ್ನು ಹಿಡಿಸಿದಂತಾಗಲಿಲ್ಲವೇ? ಇದೂ ಆ ಮನೆತನದ್ದೇ ಅಲ್ಲವೇ?” ಎಂದು ಅವರು ಕೇಳಿದರು. ಸಕ್ಕರೆ ಕಾಯಿಲೆಯವರು ಜೀವನವಿಡೀ ಇನ್ಸುಲಿನ್ ಚುಚ್ಚಿಕೊಳ್ಳುವುದಿಲ್ಲವೇ ಎಂದು ನಾವು ಸುಲಭದ ಉತ್ತರ ಕೊಟ್ಟೆವು. ಉತ್ತರ ಪೂರ್ತಿ ಪ್ರಾಮಾಣಿಕವಲ್ಲ. ಇನ್ಸುಲಿನ್ನನ್ನು ಯಾರೂ ಸುಖಕ್ಕಾಗಿ ಕದ್ದು ಮಾರುವುದಿಲ್ಲ. ಈ ಮಾತ್ರೆಯ ದುರುಪಯೋಗ ನಮ್ಮ ದೇಶದಲ್ಲಿಯೇ ಆಗಿದೆ. ಆದ್ದರಿಂದಲೇ ಸರ್ಕಾರಿ ಕೇಂದ್ರಗಳಲ್ಲಿ ಇದನ್ನು ಕಣ್ಣೆದುರಿಗೇ ನಾಲಗೆಯ ಕೆಳಗೆ ಕರಗಿಸುವ ರೂಢಿಯಿದೆ. ಚುಚ್ಚಿಕೊಂಡರೆ ನಶೆಗೆ ಅಡ್ಡಬರಲೆಂದು ನಾಲೊಕ್ಸೋನ್ ಬೆರೆಸಿದ ಮಾತ್ರೆಗಳಿವೆ. ಇದನ್ನೂ ಥಟ್ಟನೆ ನಿಲ್ಲಿಸಿದರೆ ಯಾತನೆಯಿದೆ. ನಿಲ್ಲಿಸುವುದಾದರೆ ನಿಧಾನವಾಗಿ ಇಳಿಸಬೇಕು.

ಆದರೂ ವ್ಯತ್ಯಾಸವಿದೆ. ಔಷಧಿಯಿಲ್ಲದೆ ಇರಲಾರದ ದೇಹ ಒಂದು. ಔಷಧಿಗಾಗಿ ತಾಯಿಯ ಉಂಗುರ ಕದಿಯುವ ಜೀವನ ಇನ್ನೊಂದು. ಮೊದಲನೆಯದು ಅವಲಂಬನೆ, ಎರಡನೆಯದು ವ್ಯಸನ. ಅವಲಂಬನೆಯೇ ಅವಮಾನವಾದರೆ ಕನ್ನಡಕ ಹಾಕಿದ ನಾವೂ, ರಕ್ತದೊತ್ತಡದ ಮಾತ್ರೆ ನುಂಗುವ ಆ ತಂದೆಯೂ ಅವಮಾನಿತರೇ. ಸರಿಯಾದ ಪ್ರಮಾಣಕ್ಕೆ ಹೊಂದಿಕೊಂಡ ರೋಗಿಗೆ ಈ ಮಾತ್ರೆಯಿಂದ ನಶೆ ಏರುವುದಿಲ್ಲ. ದಿನದ ಹತ್ತು ಗಂಟೆಗಳನ್ನು ಮುಂದಿನ ಪುಡಿಯ ಚಿಂತೆಯಲ್ಲಿ ಕಳೆಯುತ್ತಿದ್ದವನಿಗೆ ಆ ಹತ್ತು ಗಂಟೆಗಳು ಮರಳಿ ದೊರೆಯುತ್ತವೆ. ಅವುಗಳಿಂದ ಅವನು ಏನು ಮಾಡುತ್ತಾನೆಂಬುದೇ ನೀತಿಯ ಪ್ರಶ್ನೆ. ನಾಲಗೆಯ ಕೆಳಗೆ ಏನಿದೆಯೆಂಬುದಲ್ಲ.

ಚಿಲಕ ಹಾಕುವವರು ತಿಳಿಯಲೇಬೇಕಾದ ಇನ್ನೊಂದು ಸಂಗತಿಯಿದೆ. ಆರೋಗ್ಯವಂತ ಯುವಕ, ನೀರು ಲವಣಾಂಶ ಬತ್ತದಂತೆ ನೋಡಿಕೊಂಡರೆ, ಬಿಟ್ಟಾಗಿನ ಯಾತನೆಯಿಂದ ಸಾಯುವುದು ಅಪರೂಪ. ಅಪಾಯವಿರುವುದು ಕೋಣೆಯಿಂದ ಹೊರಬಂದ ಮೇಲೆ. ಕೆಲವು ವಾರ ಬಿಟ್ಟಿದ್ದ ದೇಹಕ್ಕೆ ಹಳೆಯ ಸಹನಶಕ್ತಿ ಇರುವುದಿಲ್ಲ. ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ‘ಪೂರ್ತಿ ಗುಣವಾಯಿತು’ ಎಂದು ಮನೆಯವರು ದೇವರಿಗೆ ಹಣ್ಣುಕಾಯಿ ಮಾಡಿಸಿದ ವಾರವೇ ಹೆಣ ಮನೆಗೆ ಬರುವುದು ಹೀಗೆ. ಔಷಧಿಯ ಮೇಲಿರುವವರಲ್ಲಿ ಸಾವಿನ ಪ್ರಮಾಣ ಔಷಧಿ ಬಿಟ್ಟವರಿಗಿಂತ ಅರ್ಧಕ್ಕೂ ಕಡಿಮೆಯೆಂದು ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಕಂಡುಬಂದಿದೆ. ಫ್ರಾನ್ಸ್ ದೇಶ 1990ರ ದಶಕದ ಮಧ್ಯದಲ್ಲಿ ಸಾಮಾನ್ಯ ವೈದ್ಯರೂ ಬ್ಯುಪ್ರೆನಾರ್ಫಿನ್ ಬರೆದುಕೊಡಲು ಅವಕಾಶ ಕೊಟ್ಟಿತು. 1995ರಿಂದ 1999ರೊಳಗೆ ಅಲ್ಲಿ ಮಿತಿಮೀರಿದ ಸೇವನೆಯ ಸಾವುಗಳು ಐದರಲ್ಲಿ ನಾಲ್ಕು ಪಾಲಿನಷ್ಟು ಇಳಿದವು.

ಇದು ಯಾರದೋ ಮನೆಯ ಮಾತೆಂದು ತಿಳಿಯುವವರಿಗೆ ಒಂದು ಅಂಕಿ. ಕೇಂದ್ರ ಸರ್ಕಾರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ಏಮ್ಸ್ ಸಂಸ್ಥೆಯ ವ್ಯಸನ ಚಿಕಿತ್ಸಾ ಕೇಂದ್ರ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಅಫೀಮಿನ ಮನೆತನದ ವಸ್ತುಗಳನ್ನು ಬಳಸುವವರು ಸುಮಾರು 2.26 ಕೋಟಿ, ಅವರಲ್ಲಿ ನೆರವು ಬೇಕಾದವರು ಸುಮಾರು 77 ಲಕ್ಷ. ಕಾನೂನು ಕೂಡ ರೋಗಿಗೆ ದಾರಿ ಇಟ್ಟಿದೆ: 1985ರ ಮಾದಕ ವಸ್ತು ಕಾಯ್ದೆಯ 64ಎ ಪ್ರಕರಣ, ಸೇವನೆಯ ಅಥವಾ ಅಲ್ಪ ಪ್ರಮಾಣದ ಅಪರಾಧದಲ್ಲಿ ಸಿಕ್ಕ ವ್ಯಸನಿ ತಾನಾಗಿ ಚಿಕಿತ್ಸೆಗೆ ಒಪ್ಪಿ ಅದನ್ನು ಪೂರೈಸಿದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಶಿಕ್ಷೆ ಕೊಡಲೆಂದೇ ಇರುವ ಕಾನೂನು ಇಷ್ಟು ಸಡಿಲಬಲ್ಲದಾದರೆ, ತಂದೆತಾಯಿಗಳು ಸಡಿಲಬಾರದೇ? ಎಲ್ಲಿಗೆ ಹೋಗಬೇಕೆಂದು ತಿಳಿಯದವರು 14446 ಎಂಬ ಸರ್ಕಾರದ ಉಚಿತ ದೂರವಾಣಿಗೆ ಕರೆ ಮಾಡಬಹುದು.

ಊರು ಬಿಟ್ಟು ಬಂದ ನಮಗೆ ಮಾನ ಎಂಬುದು ಇನ್ನೂ ದೊಡ್ಡ ಮಾತು. ಇಲ್ಲಿ ಸೋತೆವೆಂದು ಅಲ್ಲಿಯವರಿಗೆ ತಿಳಿಯಬಾರದು. ಕಾಮಾಲೆಯ ಸುಳ್ಳು ಊರಿನಲ್ಲಿ ಯಾರಿಗೂ ಹಾನಿ ಮಾಡದಿರಬಹುದು. ಆದರೆ ಒಮ್ಮೆ ಮನೆಯೊಳಗೆ ಸುಳ್ಳಿಗೆ ಜಾಗ ಕೊಟ್ಟರೆ ಅದು ಆಸ್ಪತ್ರೆಯ ಮೇಜಿನವರೆಗೂ ನಮ್ಮೊಡನೆ ಬರುತ್ತದೆ. ಅದನ್ನು ಕೈಹಿಡಿದು ಕರೆದೊಯ್ದವರು ನಾವೇ ಆದ್ದರಿಂದ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇವೆ.

ಆ ಹುಡುಗ ಈಗ ಒಂದು ಮುದ್ರಣಾಲಯದಲ್ಲಿ ಕೆಲಸಕ್ಕಿದ್ದಾನೆ. ಚಿಕಿತ್ಸೆ ನಡೆದಿದೆ. ಚಿಕಿತ್ಸೆಯ ಮೊದಲ ವರ್ಷದಲ್ಲಿ ಒಮ್ಮೆ ಜಾರಿದ. ಅಂದು ರಾತ್ರಿ ಯಾರೂ ಕೇಳುವ ಮುಂಚೆಯೇ ಅಡುಗೆಮನೆಯ ಬಾಗಿಲಲ್ಲಿ ನಿಂತು, ಇಂಥ ಹೊತ್ತಿಗೆ ಇಷ್ಟು ತೆಗೆದುಕೊಂಡೆ ಎಂದು ತಾನಾಗಿಯೇ ಹೇಳಿದ. ತಂದೆ ಬಹಳ ಹೊತ್ತು ಮಾತಾಡಲಿಲ್ಲವಂತೆ. ಆಮೇಲೆ ಎದ್ದು ಒಂದು ಲೋಟ ನೀರು ತಂದು ಮಗನ ಮುಂದಿಟ್ಟರಂತೆ. ಬೆಳಿಗ್ಗೆ ಇಬ್ಬರೂ ಕೂಡಿಯೇ ವೈದ್ಯರಲ್ಲಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಉಪ್ಪು ತಿಂದವನು ನೀರು ಕುಡಿಯಲೇಬೇಕು, ನಿಜ. ಆದರೆ ನೀರಿನ ಕೊಡವನ್ನು ಬಚ್ಚಿಡಿರಿ ಎಂದು ಆ ಗಾದೆ ಎಲ್ಲಿಯೂ ಹೇಳುವುದಿಲ್ಲ. ಬಾಯಾರಿದವನಿಗೆ ನೀರು ಕೊಡುವುದು ಪಕ್ಕದಲ್ಲಿರುವವರ ಧರ್ಮ. ಅವನು ಉಪ್ಪು ತಿಂದದ್ದೇಕೆಂಬ ವಿಚಾರಣೆ ಆಮೇಲೂ ಆಗಬಹುದು.